22 ಇಂಚಿನ ಹಲಸಿನ ಬೋಗುಣಿ: ನನ್ನ ಅನುಭವ

ನಾಲ್ಕನೆಯದು ಸೀಳಲಿಲ್ಲ. ಹಲಸಿನ ಬೋಗುಣಿ, 22 ಇಂಚು ಅಗಲ, ಎಂಟು ಇಂಚು ಎತ್ತರ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದರೂ ಕೂದಲೆಳೆಯಷ್ಟು ಬಿರುಕಿಲ್ಲ. ಗೋಕಾಕದ ನಮ್ಮ ಓಣಿಯ ಹಿರಿಯ ಬಡಿಗೇರರೊಬ್ಬರು, ‘ತಮ್ಮಾ, ಲೇತ್ ಮೇಲೆ ತೊಟ್ಟಿಲ ಕಾಲು ಇಳಿಯುತ್ತದೆ, ಹಿಟ್ಟು ನಾದುವ ಪರಾತ ಇಳಿಯುವುದಿಲ್ಲ’ ಎಂದಿದ್ದರು. ಈಗ ಅವರೇ ಬಂದು ಅಂಚನ್ನು ಉಗುರಿನಿಂದ ಬಡಿದು ನೋಡಿ ಹೋಗಿದ್ದಾರೆ.

ನನ್ನದು ಮರಗೆಲಸದ ಲೇತ್ ಅಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಗುಜರಿಗೆ ಹೊರಟಿದ್ದ ಕಬ್ಬಿಣ ಕಡೆಯುವ ಗ್ಯಾಪ್ ಬೆಡ್ ಲೇತ್ (ಅಗಲದ ವಸ್ತು ತಿರುಗಿಸಲು ಹಾಸಿನ ಒಂದು ತುಂಡು ತೆಗೆಯಬಹುದಾದದ್ದು), ಸಾಗಾಟ ಸೇರಿ 60 ಸಾವಿರದ ಆಸುಪಾಸು. ಗ್ಯಾಪ್ ತುಂಡು ತೆಗೆದರೆ ಈ ಅಗಲ ಆರಾಮಾಗಿ ತಿರುಗುತ್ತದೆ. ಲೋಹ ಕೊರೆಯುವ ಉಳಿಯನ್ನು ಬಿಗಿಯುವ ಟೂಲ್ ಪೋಸ್ಟ್ ಕಿತ್ತು, ಉಳಿಗೆ ಆನಿಕೆ ವೆಲ್ಡ್ ಮಾಡಿಸಿಕೊಂಡೆ.

ಮೊದಲನೆಯದರಲ್ಲಿ ದಿಮ್ಮಿಯ ನಟ್ಟನಡುವಿನ ತಿರುಳನ್ನು ತೆಗೆಯದೆ ಬಿಟ್ಟಿದ್ದೆ. ಮೂರನೆಯ ರಾತ್ರಿ ‘ಟಪ್’ ಎಂದಿತು. ಬೆಳಿಗ್ಗೆ ನೋಡಿದರೆ ಬೆರಳು ತೂರುವಷ್ಟು ಸೀಳು. ಎರಡನೆಯದಕ್ಕೆ ದಿಮ್ಮಿಯನ್ನೇ ವರ್ಷ ಒಣಗಿಸಿದೆ, ತುದಿಯಿಂದ ಮೂರು ಇಂಚು ಒಳಗೆ ಒಡೆದಿತ್ತು. ಮೂರನೆಯದನ್ನು ಹಸಿಯಲ್ಲೇ ಕಡೆದು ಒಂದೇ ಇಂಚು ದಪ್ಪ ಉಳಿಸಿದೆ. ಒಣಗಿ ಎಷ್ಟು ಮೊಟ್ಟೆಯಾಕಾರವಾಯಿತೆಂದರೆ ಮತ್ತೆ ದುಂಡಗೆ ಮಾಡಲು ಮರವೇ ಸಾಲಲಿಲ್ಲ. ಖಾನಾಪುರದಿಂದ ತಂದ ದಿಮ್ಮಿ ಒಂದೊಂದಕ್ಕೆ ಮೂರೂವರೆ ಸಾವಿರ. ಲೆಕ್ಕ ನೀವೇ ಹಾಕಿ.

ನಾಲ್ಕನೆಯದಕ್ಕೆ ತಿರುಳು ಸೀಳಿ ತೆಗೆದೆ. ಮರವನ್ನು ತಿರುಗುವ ತಟ್ಟೆಗೆ (ಫೇಸ್‌ಪ್ಲೇಟ್) ಬಿಗಿದೆ; ಎದುರಿನಿಂದ ಟೇಲ್‌ಸ್ಟಾಕ್, ಅಂದರೆ ಲೇತಿನ ಇನ್ನೊಂದು ತುದಿಯ ಆಧಾರದ ಒತ್ತು, ನಿಮಿಷಕ್ಕೆ 350 ಸುತ್ತು. ಹಸಿ ಹಲಸು ಉಳಿಗೆ ಸಿಕ್ಕರೆ ಹೊಟ್ಟಲ್ಲ, ಒದ್ದೆ ಪಟ್ಟಿ ಬರುತ್ತದೆ. ಮುಖಕ್ಕೆ ನೀರು ಸಿಡಿಯುತ್ತದೆ. ಎರಡೂಕಾಲು ಇಂಚು ದಪ್ಪ ಬಿಟ್ಟೆ.

ಮೂಡಲಗಿಯ ಕಡೆ ಮಾವನವರ ಬೆಲ್ಲದ ಗಾಣವಿದೆ. ಮೂಲೆಗೆ ಬಿದ್ದಿದ್ದ ತೂತು ಕೊಪ್ಪರಿಗೆಗೆ ಬೆಸುಗೆ ಹಾಕಿಸಿ, ಒಣಗುವಾಗ ಸೀಳದಿರಲಿ ಎಂದು ಬೋಗುಣಿಯನ್ನು ನೀರಲ್ಲಿ ಮುಳುಗಿಸಿ ಎರಡೂವರೆ ತಾಸು ಕುದಿಸಿದೆ. ‘ಅಳಿಯಂದಿರೇ, ಇದನ್ನು ಯಾರು ಉಣ್ಣುವವರು?’ ಎಂದರು ಮಾವ. ನೀರು ಅರಿಶಿನದಂತಾಯಿತು. ಅದರಲ್ಲಿ ಪಟಿಕ (ಆಲಂ) ಹಾಕಿ ಬಿಳಿ ಬಟ್ಟೆ ಅದ್ದಿದೆ; ಮೂರು ಒಗೆತಕ್ಕೂ ಬಣ್ಣ ಹೋಗಲಿಲ್ಲ. ಅದನ್ನು ಇನ್ನೊಮ್ಮೆ ಸರಿಯಾಗಿ ನೋಡಬೇಕಿದೆ.

ಕುದಿಸಿದ ಮೇಲೆ ನಾರಿನ ತುದಿಗಳು ಕಾಣುವ ಭಾಗಕ್ಕೆ ಮೇಣ ಬಳಿದೆ. ಮೇಣಕ್ಕೆ ಏನು ಬೆರೆಸುತ್ತೇನೆ ಎಂಬುದು ನನ್ನಲ್ಲೇ ಇರಲಿ. ಗೋಣಿಚೀಲ ಸುತ್ತಿ ಗಾಳಿಯಾಡದ ಕೋಣೆಯಲ್ಲಿಟ್ಟು ವಾರಕ್ಕೊಮ್ಮೆ ತೂಗಿದೆ. 17 ಕಿಲೊ ಇದ್ದದ್ದು ಎಂಟು ತಿಂಗಳಲ್ಲಿ 11ಕ್ಕೆ ಬಂದು ನಿಂತಿತು. ಒಂದು ದಿಕ್ಕಿಗೆ ಮುಕ್ಕಾಲು ಇಂಚು ಕುಗ್ಗಿತ್ತು, ಆದರೆ ದಪ್ಪವಿತ್ತಲ್ಲ, ಮತ್ತೆ ದುಂಡಗಾಯಿತು.

ಎಣ್ಣೆಯಲ್ಲೂ ಪ್ರಯೋಗ ಮಾಡಿದೆ. ಶೇಂಗಾ ಎಣ್ಣೆ ಒಣಗುವುದೇ ಇಲ್ಲ, ಕಮಟು ನಾರುತ್ತದೆ. ಕುಸುಬೆ ಎಣ್ಣೆ ತಿಂಗಳಾದರೂ ಕೈಗೆ ಅಂಟುತ್ತಿತ್ತು. ಗಾಣದ ಅಗಸೆ ಎಣ್ಣೆಯನ್ನು ತೆಳ್ಳಗೆ ಐದು ಸಲ ಒರೆಸಿದ್ದೇ ನಿಂತಿತು.

ಏಳು ಸಾವಿರಕ್ಕೆ ಕೇಳಿದರು, ಕೊಡಲಿಲ್ಲ. ಬೆಳಗಾವಿಯ ಖಾನಾವಳಿಯವರೊಬ್ಬರು 26 ಇಂಚಿನದು ಬೇಕೆಂದಿದ್ದಾರೆ. ಕೊಪ್ಪರಿಗೆ ಸಾಲುತ್ತದೆ, ಗ್ಯಾಪ್ ಸಾಲುತ್ತದೆಯೇ ಎಂದು ನಾಳೆ ಅಳೆಯಬೇಕು.