ಕೂಡಿಸುವ ಮೊದಲೇ ತುದಿಗೆ ಔಷಧಿ: ಮರದ ಬೇಲಿಯಲ್ಲಿ ನನ್ನ ಅನುಭವ

ಬೇಲಿ ನಿಂತ ಮೇಲೆ ಬಣ್ಣ ಬಳಿದರೆ ಸಾಕು, ಕಟ್ಟುವಾಗಲೇ ಒಂದೊಂದು ತುದಿಗೂ ಮರ ಕೊಳೆಯದಂತೆ ತಡೆಯುವ ಔಷಧಿ ಹಚ್ಚುತ್ತ ಕೂರುವುದು ಕೂಲಿ ದಂಡವೆಂದು ಜೊತೆಯ ಬಡಗಿಗಳು ನನ್ನನ್ನು ಹಾಸ್ಯ ಮಾಡಿದ್ದರು. ಹಾಗೆ ಔಷಧಿ ಹಚ್ಚಿ ನಿಲ್ಲಿಸಿ, ಐದಾರು ಮಳೆಗಾಲ ಕಂಡ ಕಂಬಗಳ ಬುಡಕ್ಕೆ ಇಂದಿಗೂ ಉಳಿಯ ಮೊನೆ ಇಳಿಯುವುದಿಲ್ಲವಾದ್ದರಿಂದ ಈಗ ಬರೆಯಲು ಧೈರ್ಯ ಬಂದಿದೆ.

ಕಂಬ ಕೊಳೆಯುವುದು ನೆಲಮಟ್ಟದಲ್ಲಿ, ತೇವವೂ ಗಾಳಿಯೂ ಒಟ್ಟಿಗೆ ಸಿಗುವ ಜಾಗದಲ್ಲಿ. ಕಂಬದ ಅಡಿಯನ್ನೂ ಸೇರಿಸಿ ಸುತ್ತ ಕಾಂಕ್ರೀಟ್ ತುಂಬಿದರೆ, ಮರ ಒಣಗಿ ಕುಗ್ಗಿದಾಗ ಬಿಡುವ ಸಂದಿಯಲ್ಲಿ ನೀರಿಳಿದು ಬಟ್ಟಲಿನಲ್ಲಿ ನಿಂತಂತೆ ನಿಲ್ಲುತ್ತದೆ. ಆದ್ದರಿಂದ ಗುಂಡಿಯ ತಳಕ್ಕೆ ಸುಮಾರು ಒಂದು ಗೇಣು ಜಲ್ಲಿ ಹಾಕಿ, ಕಂಬವನ್ನು ನೇರವಾಗಿ ಅದರ ಮೇಲೆ ಕೂರಿಸಿ, ಪಕ್ಕಕ್ಕೆ ಮಾತ್ರ ಕಾಂಕ್ರೀಟ್ ಕೊಟ್ಟು, ಅದರ ಮೇಲ್ಮೈಯನ್ನು ನೆಲಕ್ಕಿಂತ ಎತ್ತರಿಸಿ ಹೊರಕ್ಕೆ ಇಳಿಜಾರು ಮಾಡಿದೆ.

ನಿಜವಾದ ಕೆಲಸವಿರುವುದು ಕೊಯ್ದ ತುದಿಗಳಲ್ಲಿ. ಮರದ ನಾರಿನೆಳೆಯ ಉದ್ದಕ್ಕೆ ನೀರು ಏರುವ ವೇಗ ಅಡ್ಡಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಔಷಧಿ ಕುಡಿಸಿದ ಮರವೇ ಆದರೂ ಅದು ತಿರುಳಿನವರೆಗೆ ಹೋಗಿರುವುದಿಲ್ಲ, ಗರಗಸ ಹಾಕಿದೊಡನೆ ಔಷಧಿ ತಾಗದ ಮರ ತೆರೆದುಕೊಳ್ಳುತ್ತದೆ. ಕಂಬಗಳ ಬುಡವನ್ನು ರಾತ್ರಿಯಿಡೀ ಕಾಪರ್ ನ್ಯಾಫ್ತನೇಟ್ ಎಂಬ ತಾಮ್ರದ ಔಷಧಿ ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸಿದೆ. ಹಲಗೆಯ ತುದಿಗಳಿಗೆ, ಮೊಳೆಯ ತೂತುಗಳಿಗೆ ಕುಂಚದಿಂದ ಎರಡು ಬಾರಿ ಕುಡಿಸಿದೆ. ಅದನ್ನು ತೆಳುಗೊಳಿಸಲು ಏನು ಬೆರೆಸುತ್ತೇನೆ, ಎಷ್ಟು ಬೆರೆಸುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಖರ್ಚಿನ ಮಾತು: ಔಷಧಿಗೆ ಹೋದದ್ದು ಮರದ ಬೆಲೆಯ ಹದಿನೈದರಲ್ಲೊಂದು ಪಾಲಿರಬಹುದು, ಕೂಲಿ ಮಾತ್ರ ಕಾಲು ಭಾಗ ಏರಿತು. ಆದರೆ ಕೊಳೆತ ಒಂದೇ ಕಂಬ ಬದಲಿಸಲು ಹಲಗೆ ಬಿಚ್ಚಿ, ಕಾಂಕ್ರೀಟ್ ಒಡೆದು, ಮತ್ತೆ ಕೂಡಿಸುವ ಹೊತ್ತಿಗೆ ಹೊಸದಾಗಿ ಮೂರು ಕಂಬ ನಿಲ್ಲಿಸುವಷ್ಟು ಹಣ ಹೋಗುತ್ತದೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಬುಡ ಸುಟ್ಟು ಕರಿ ಮಾಡಿದ ಕಂಬ ಹೂತಾಗ, ಬಿರುಕಿನಲ್ಲಿ ತೇವ ಒಳಹೊಕ್ಕು ಕರಿಯ ಹಿಂದಿನ ಮರ ಮೆದುವಾಯಿತು. ಬೋರಾಕ್ಸ್ ದ್ರಾವಣ ಒಳಕ್ಕೇನೋ ಚೆನ್ನಾಗಿ ಇಳಿಯುತ್ತದೆ, ಆದರೆ ಮಣ್ಣಿನ ತೇವಕ್ಕೆ ತೊಳೆದುಹೋಗುತ್ತದೆ. ನೆಲದಿಂದ ಮೇಲಿನ ಭಾಗಕ್ಕೆ, ಅದೂ ಮೇಲೆ ಮರಕ್ಕೆ ಹಚ್ಚುವ ಎಣ್ಣೆಯ ಲೇಪ ಬರುವ ಕಡೆ ಮಾತ್ರ ಬಳಸುತ್ತೇನೆ. ಸುಟ್ಟ ಎಂಜಿನ್ ಎಣ್ಣೆಯ ಗೊಡವೆಗೆ ಹೋಗಬೇಡಿ, ಮಣ್ಣೂ ಕೆಡುತ್ತದೆ.

ಹಲಗೆಗಳ ಅಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಪೂರ್ತಿ ಸುತ್ತಿಟ್ಟರೆ ಒಳಗೇ ಬೆವೆತು ಬೂಷ್ಟು ಹಿಡಿಯುತ್ತದೆ. ನಡುನಡುವೆ ರೀಪು ಕೊಟ್ಟು, ನೆಲದಿಂದ ಎತ್ತರಿಸಿ, ಮೇಲಷ್ಟೇ ಟಾರ್ಪಾಲಿನ್ ಹೊದಿಸಿ, ಮೀಟರಿನಲ್ಲಿ ತೇವಾಂಶ ಶೇ. 18ಕ್ಕಿಂತ ಕೆಳಗಿಳಿದ ಮೇಲೆಯೇ ಎಣ್ಣೆ ಹಚ್ಚಿದೆ. ಹಲಗೆಯ ಕೆಳತುದಿಗೂ ಮಣ್ಣಿಗೂ 2 ಇಂಚು ಅಂತರ ಬಿಟ್ಟು, ಕಂಬದ ನೆತ್ತಿಯನ್ನು ಓರೆಯಾಗಿ ಕೊಯ್ದು, ಆ ಕೊಯ್ತಕ್ಕೂ ಔಷಧಿ ಕುಡಿಸಿದ್ದೇನೆ.