ಗದಗ-ಬೆಟಗೇರಿ ಮಂದಿ ತಮ್ಮ ಮನೆತನದ ಬೇರು ಹುಡುಕೋದು ಹೆಂಗ?

ಗದಗ-ಬೆಟಗೇರ್ಯಾಗ ಇವತ್ತು ಇರೋ ಎಷ್ಟೋ ಮನೆತನ ಮೂಲತಃ ಇಲ್ಲಿಯವಲ್ಲ. ಬ್ರಿಟಿಷರ ಕಾಲದಾಗ ಹತ್ತಿ ಪ್ಯಾಟಿ ಬೆಳೀತು, 1880ರ ದಶಕದಾಗ ಸದರ್ನ್ ಮರಾಠಾ ರೈಲ್ವೆ ಬಂತು, ವ್ಯಾಪಾರಸ್ಥರು, ಹಮಾಲರು, ಕೆಲಸ ಹುಡುಕೋರು ಸುತ್ತಲಿನ ಹಳ್ಳಿ ಬಿಟ್ಟು ಇಲ್ಲಿ ಬಂದು ನೆಲಿ ನಿಂತ್ರು. ಹಿಂಗಾಗಿ ಅಜ್ಜನ ಅಜ್ಜ ಯಾರಂತ ಹುಡುಕೋರು ಸೀದಾ ಗದಗಿನ ಕಚೇರಿಗೆ ಹೋದ್ರ ಎರಡ್ಮೂರು ತಲೆಮಾರಿಗೇ ದಾರಿ ಮುಗಿದುಬಿಡ್ತೈತಿ. ಮೊದಲು ಮೂಲ ಊರು ಯಾವುದಂತ ತಿಳೀಬೇಕು, ಕಾಗದಪತ್ರ ಆಮೇಲೆ.

ಅದಕ್ಕ ಮನಿಯ ಹಿರೇ ಹೆಣ್ಮಕ್ಕಳ ಹತ್ರ ಕುಂದ್ರಿ, ಫೋನಿನ್ಯಾಗ ರೆಕಾರ್ಡಿಂಗ್ ಹಚ್ಚಿಟ್ಟು. ಬರೇ ಹೆಸರು ಕೇಳಬ್ಯಾಡ್ರಿ, ಮನಿದೇವ್ರು ಯಾವುದು, ಜವಳ ಎಲ್ಲಿ ತಗಸ್ತಿದ್ರು, ಬೆಡಗು (ಕುಲದ ಬಳಿ) ಯಾವುದು, ಯಾವ ಮಠಕ್ಕ ನಡ್ಕೋತೀವಿ, ಹೊಲ ಯಾವ ಊರಾಗಿತ್ತು ಅಂತ ಕೇಳ್ರಿ. ಅಡ್ಡಹೆಸರೂ ಸುಳಿವು ಕೊಡ್ತಾವ. ಊರಿನ ಹೆಸರಿನ ಅಡ್ಡಹೆಸರಿದ್ರ ಬಹಳ ಸಲ ಅದು ಹಿರೇರು ಬಿಟ್ಟುಬಂದ ಊರು, ಆದ್ರ ಅಂಗಡಿ, ಬಡಿಗೇರ, ಪತ್ತಾರ ಅಂತಿದ್ರ ಕಸುಬಷ್ಟ ಗೊತ್ತಾಗ್ತೈತಿ.

ಊರು ಗೊತ್ತಾತಂದ್ರ ಮನೆತನದ ವಂಶಾವಳಿ ಹೇಳೋ ಹೆಳವರನ್ನ ಹುಡುಕ್ರಿ. ನಮ್ಮ ಕಡೆ ಇಷ್ಟು ದೊಡ್ಡ ಆಸ್ತಿ ಮತ್ತೊಂದಿಲ್ಲ ಅಂತ ನನಗ ಖರೇನ ಅನಸ್ತೈತಿ. ಎತ್ತಿನ ಜೋಡಿ ಗಂಟಿ ಬಾರಿಸ್ಕೋತ ಬಂದು ಮನಿ ಮುಂದ ನಿಂತು ಆ ಮನೆತನದ ಮೂಲ ಊರು, ಬೆಡಗು, ಯಾರು ಎಲ್ಲಿಂದ ಎಲ್ಲಿಗೆ ಹೋದ್ರು, ಯಾರಿಗೆ ಎಷ್ಟು ಮಕ್ಕಳು ಅಂತ ಒಂದ ಉಸಿರಿನ್ಯಾಗ ಹೇಳ್ತಾರ, ಆಮೇಲೆ ಹೊಸದಾಗಿ ಹುಟ್ಟಿದವ್ರ ಹೆಸರು ತಮ್ಮ ದಫ್ತರದಾಗ ಬರ್ಕೋತಾರ, ಕಾಳುಕಡಿ, ಬಟ್ಟಿ, ರೊಕ್ಕ ಇಸ್ಕೊಂಡು ಹೋಗ್ತಾರ. ಒಬ್ಬೊಬ್ಬರಿಗೆ ಇಂತಿಂಥ ಊರು, ಇಂತಿಂಥ ಮನಿ ಅಂತ ಹಂಚಿಕೆ ಇರ್ತೈತಿ, ಅದಕ್ಕ ಮೂಲ ಊರಿನ ಹಿರೇರನ್ನ ಕೇಳಿದ್ರ ನಿಮ್ಮ ಹೆಳವರು ಯಾರು, ಯಾವಾಗ ಬರ್ತಾರ ಅಂತ ತಿಳೀತೈತಿ. ಅವರು ಓದೂವಾಗ ನಡುವ ಬಾಯಿ ಹಾಕಬ್ಯಾಡ್ರಿ, ಫೋಟೋ ತಗೊಳ್ಳೋ ಮೊದಲು ಕೇಳ್ರಿ, ಕಾಣಿಕೆಗೆ ಹಿಂದಮುಂದ ನೋಡಬ್ಯಾಡ್ರಿ. ಅವರ ದಫ್ತರದಾಗ ಗಂಡುಮಕ್ಕಳ ಸಾಲೇ ಹೆಚ್ಚು. ಸೊಸೆಯಂದಿರ, ಹೆಣ್ಮಕ್ಕಳ ಹೆಸರು ಅವರವರ ತವರುಮನಿ, ಗಂಡನ ಮನಿ ಕಡೆಯಿಂದ ನೀವ ಕೂಡಿಸ್ಕೋಬೇಕು, ಇಲ್ಲಂದ್ರ ಅರ್ಧ ಮನೆತನನ ಬಿಟ್ಟುಹೋಗ್ತೈತಿ.

ಈಗ ಕಾಗದಪತ್ರ. ಗದಗ ಆಗ ಇದ್ದ ಮುಂಬೈ ಪ್ರಾಂತ್ಯದಾಗ 1903ರ ಕಾಯ್ದೆಯಿಂದ ಹೊಲದ ಹಕ್ಕುದಾಖಲೆ ಶುರುವಾತು. ತಹಶೀಲ್ದಾರ ಕಚೇರಿ ರೆಕಾರ್ಡ್ ರೂಮಿನ್ಯಾಗ ಸರ್ವೆ ನಂಬರ ಕೊಟ್ಟು ಹಳೇ ಉತಾರ (ಪಹಣಿ) ಮತ್ತ ಡೈರಿ (ಹಕ್ಕು ಬದಲಾದದ್ದರ ದಾಖಲೆ) ನಕಲು ಕೇಳ್ರಿ. ಉತಾರಕ್ಕಿಂತ ವಾರಸಾ ಡೈರಿ ಮುಖ್ಯ, ಯಾಕಂದ್ರ ಒಬ್ಬರು ತೀರ್ಕೊಂಡಾಗ ವಾರಸದಾರರು ಯಾರಂತ ಅದರಾಗ ಬರ್ದಿರ್ತಾರ. ಊರೊಳಗಿನ ಮನಿ ಆದ್ರ ಸಿಟಿಎಸ್ (ಸಿಟಿ ಸರ್ವೆ) ಉತಾರ. ಹೊಲ-ಮನಿ ಇಲ್ಲದವರು ಹಳೇ ಸಾಲಿಯ ದಾಖಲಾತಿ ರಜಿಸ್ಟರ್ ಕೇಳಬಹುದು. ಬೆಟಗೇರ್ಯಾಗ ಬಾಸೆಲ್ ಮಿಶನ್ 1841ಕ್ಕ ಬಂದಿದ್ದು, ಕ್ರಿಶ್ಚಿಯನ್ ಮನೆತನದವ್ರು ಚರ್ಚಿನ ದೀಕ್ಷಾಸ್ನಾನ, ಲಗ್ನದ ರಜಿಸ್ಟರ್ ಕೇಳ್ರಿ. ಗದಗ ಜಿಲ್ಲಾ ಆಗಿದ್ದು 1997ಕ್ಕ, ಅದಕ್ಕ ಮೊದಲು ಧಾರವಾಡ ಜಿಲ್ಲಾದಾಗಿತ್ತು, ಹಿಂಗಾಗಿ ಜಿಲ್ಲಾಮಟ್ಟದ ಹಳೇ ಕಾಗದಕ್ಕ ಧಾರವಾಡದಾಗೂ ವಿಚಾರಿಸ್ರಿ.

ಓದೂವಾಗ ಹುಷಾರ್. ಹೆಸರಿನ ನಡುವ ಬಿನ್ ಅಂದ್ರ ಮಗ, ಕೋಂ ಅಂದ್ರ ಹೆಂಡ್ತಿ. ಮೊಮ್ಮಗಗ ಅಜ್ಜನ ಹೆಸರಿಡೋ ರೂಢಿ ಇರೋದ್ರಿಂದ ಬಸಪ್ಪ ಬಿನ್ ಶಿವಪ್ಪ, ಶಿವಪ್ಪ ಬಿನ್ ಬಸಪ್ಪ ಅಂತ ಹೆಸರು ಸುತ್ತಿ ಸುತ್ತಿ ಬರ್ತಾವ, ಇಬ್ಬರನ್ನ ಒಬ್ಬನ ಅಂತ ತಿಳ್ಕೊಂಡ್ರ ನಡುವಿನ ತಲೆಮಾರ ಮಾಯ ಆಗ್ತಾವ. ಅದಕ್ಕ ಪ್ರತಿ ಹೆಸರಿನ ಜೋಡಿ ಇಸವಿ ಬರೀರಿ. ಶಕ ವರ್ಷಕ್ಕ 78, ಫಸಲಿ (ಹಳೇ ಕಂದಾಯದ ಲೆಕ್ಕದ) ವರ್ಷಕ್ಕ 590 ಕೂಡಿಸಿದ್ರ ಹೆಚ್ಚುಕಡಿಮಿ ಇಸವಿ ಸಿಗ್ತೈತಿ. ಹಿರೇರು ಧಾತು ಈಶ್ವರ ಬರದಾಗ ಊರು ಬಿಟ್ವಿ ಅಂತ ಹೇಳಿದ್ರ ಅದು ಧಾತು, ಈಶ್ವರ ಅನ್ನೋ ಎರಡು ಸಂವತ್ಸರದಾಗ ಬಿದ್ದ 1876-78ರ ಬರ. ಬರೇ ಸಂವತ್ಸರದ ಹೆಸರಿದ್ರ ಅದು 60 ವರ್ಷಕ್ಕೊಮ್ಮೆ ತಿರುಗಿ ಬರ್ತೈತಿ, 1936ರಾಗೂ ಧಾತು ಬಂದಿತ್ತು, ಮಕ್ಕಳ ವಯಸ್ಸು ನೋಡಿ ಯಾವುದಂತ ತೀರ್ಮಾನ ಮಾಡ್ರಿ.

ಅಟ್ಟದ ಮ್ಯಾಲೆ ಹಳೇ ಪೆಟ್ಟಿಗ್ಯಾಗ ಕೂಡಕ್ಷರದ ಉದ್ದುದ್ದ ಕಾಗದ ಸಿಕ್ರ ಅದು ಮೋಡಿ ಲಿಪಿ (ಹಿಂದ ಮರಾಠಿ ಬರಿಯಾಕ ಬಳಸ್ತಿದ್ದ ಲಿಪಿ) ಇರಬಹುದು, ಓದಾಕ ಬರಲಿಲ್ಲಂತ ಒಲಿಗೆ ಹಾಕಬ್ಯಾಡ್ರಿ. ಟೇಪ್ ಅಂಟಿಸಬ್ಯಾಡ್ರಿ, ಲ್ಯಾಮಿನೇಶನ್ ಅಂತೂ ಬ್ಯಾಡೇ ಬ್ಯಾಡ. ನೆರಳಿನ್ಯಾಗ ಹಾಸಿ ಎರಡೂ ಬದಿ ಫೋಟೋ ತಗೊಂಡು, ಮೂಲ ಕಾಗದ ಮನ್ಯಾಗ ಇಟ್ಟು, ಫೋಟೋ ಅಷ್ಟ ಮೋಡಿ ಬಲ್ಲವ್ರಿಗೆ ತೋರಿಸ್ರಿ.