ಅಡಿಕೆ ಧಾರಣೆಯ ಗ್ರಾಫನ್ನು ಜಗಲಿಯಲ್ಲಿ ಕುಳಿತು ಪರೀಕ್ಷಿಸಿದ್ದು

ಶಿರಸಿ ಸೀಮೆಯ ಅಡಿಕೆ ಬೆಳೆಗಾರರು ಧಾರಣೆಯ ಗ್ರಾಫ್ ನೋಡುವುದು ಒಂದೇ ಪ್ರಶ್ನೆ ಇಟ್ಟುಕೊಂಡು: ಈಗ ಮಾರಬೇಕೋ, ಇನ್ನೂ ಕಾಯಬೇಕೋ? ಮಾರುಕಟ್ಟೆ ದರವನ್ನು ಮೊಬೈಲಿನಲ್ಲಿ ತೋರಿಸುವ ಪುಟವೊಂದರ ಬಳಕೆಯನ್ನು ಪರೀಕ್ಷಿಸುವ ಕೆಲಸ ಬಂದಾಗ ನಾನು ಎಲ್ಲವನ್ನೂ ಈ ಪ್ರಶ್ನೆಯ ಸುತ್ತಲೇ ಕಟ್ಟಿಕೊಂಡೆ. ‘ಮಾರ್ಚ್ ತಿಂಗಳ ಗರಿಷ್ಠ ದರ ಎಷ್ಟು’ ಎಂದು ಕೇಳಿ ಗಡಿಯಾರ ನೋಡುವುದು ಸುಲಭ. ಉತ್ತರ ಸರಿಯಾಗಿ ಬರುತ್ತದೆ, ಸಮಯವೂ ದಾಖಲಾಗುತ್ತದೆ. ಆದರೆ ಚಾಲಿ (ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆ) ಮೂಟೆಗಳನ್ನು ಮನೆಯಲ್ಲಿಟ್ಟುಕೊಂಡು ಕುಳಿತವರಿಗೆ ಆ ಚಿತ್ರ ಏನು ಹೇಳಿತು ಎಂಬುದು ಅದರಿಂದ ತಿಳಿಯುವುದಿಲ್ಲ.

ಹಾಗಾಗಿ ‘ಇದರಲ್ಲಿ ನಿಮಗೆ ಕಂಡದ್ದನ್ನೆಲ್ಲ ಹೇಳುತ್ತಾ ಹೋಗಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಈ ಕೆಲಸದಲ್ಲಿ ಕಠಿಣವಾದದ್ದು ಈ ಮೌನವೇ. ಎದುರಿನವರು ತಡವರಿಸಿದಾಗ ನೆರವಿಗೆ ಹೋದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಸಿದ್ದಾಪುರದ ಕಡೆಯ ಮನೆಯೊಂದರಲ್ಲಿ ಹಿರಿಯರೊಬ್ಬರು ರಾಶಿ ಅಡಿಕೆಯ, ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆಯ ಗೆರೆಯ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಬಂದರು. ಸಮತಟ್ಟಾದ ಒಂದು ಜಾಗದಲ್ಲಿ ನಿಂತು, ‘ಇಲ್ಲಿ ಧಾರಣೆ ಗಟ್ಟಿಯಾಗಿ ನಿಂತಿದೆ, ಕಾಯಬಹುದು’ ಎಂದರು. ಅವು ಮಾರುಕಟ್ಟೆಗೆ ರಜೆ ಇದ್ದ ದಿನಗಳು. ವಹಿವಾಟೇ ಇಲ್ಲದ ಜಾಗವನ್ನು ತಂತ್ರಾಂಶ ಗೆರೆ ಎಳೆದು ತುಂಬಿತ್ತು. ವಹಿವಾಟು ನಡೆದ ದಿನಕ್ಕೆ ಮಾತ್ರ ಚುಕ್ಕಿ ಇಟ್ಟು, ಉಳಿದ ಕಡೆ ಗೆರೆ ಕಡಿದ ಇನ್ನೊಂದು ಮಾದರಿಯನ್ನು ಮುಂದಿಟ್ಟೆ. ‘ಇಲ್ಲಿ ಟೆಂಡರ್ ಆಗಲಿಲ್ಲವೇ?’ ಎಂದು ಅವರೇ ಕೇಳಿದರು. ಬಳಕೆದಾರರ ಬಾಯಿಂದ ಇಂಥ ಪ್ರಶ್ನೆ ಬಂದರೆ ನನಗೆ ಅದು ಹತ್ತು ಅಂಕಪಟ್ಟಿಗಿಂತ ದೊಡ್ಡದು.

ಮಾರುಕಟ್ಟೆಯ ಅಂಕಿಅಂಶದಲ್ಲಿ ಕನಿಷ್ಠ, ಗರಿಷ್ಠ, ಮೋಡಲ್ ಎಂದು ಮೂರು ದರಗಳಿರುತ್ತವೆ. ಹೆಚ್ಚಿನ ಮಾಲು ಮಾರಾಟವಾದ ದರವೇ ಮೋಡಲ್. ಮೂರಕ್ಕೂ ಒಂದೊಂದು ಗೆರೆ ಎಳೆದರೆ ಎಲ್ಲರ ಕಣ್ಣೂ ಮೇಲಿನ ಗೆರೆಗೇ ಹೋಗುತ್ತದೆ, ‘ಇವತ್ತಿನ ರೇಟು’ ಅದೇ ಆಗಿಬಿಡುತ್ತದೆ. ಕನಿಷ್ಠದಿಂದ ಗರಿಷ್ಠದವರೆಗೆ ತೆಳು ಪಟ್ಟಿ, ನಡುವೆ ಮೋಡಲ್‌ಗೆ ದಪ್ಪ ಗುರುತು ಹಾಕಿದ ಮಾದರಿಯಲ್ಲಿ ‘ನಿಮ್ಮ ಮಾಲಿಗೆ ಎಷ್ಟು ಸಿಗಬಹುದು’ ಎಂದು ಕೇಳಿದರೆ, ‘ಇಷ್ಟರಿಂದ ಇಷ್ಟರೊಳಗೆ’ ಎಂಬ ಉತ್ತರ ಬಂತು. ಆವಕವನ್ನು, ಅಂದರೆ ಮಾರುಕಟ್ಟೆಗೆ ಬಂದ ಮಾಲಿನ ಪ್ರಮಾಣವನ್ನು, ವೃತ್ತಗಳ ಗಾತ್ರದಲ್ಲಿ ತೋರಿಸುವ ಯೋಚನೆಯನ್ನು ಮೊದಲೇ ಬಿಟ್ಟಿದ್ದೆವು. ಒಂದೇ ಅಳತೆಗೆರೆಯ ಮೇಲಿನ ಸ್ಥಾನವನ್ನು ನಮ್ಮ ಕಣ್ಣು ವಿಸ್ತೀರ್ಣಕ್ಕಿಂತ ನಿಖರವಾಗಿ ಅಳೆಯುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ 1984ರಲ್ಲೇ ತೋರಿಸಿದ್ದಾರೆ. ಬಣ್ಣದಲ್ಲಿ ರಾಶಿಗೆ ಕೆಂಪು, ಚಾಲಿಗೆ ಮಾಸಲು ಬೂದು. ಅಡಿಕೆಯ ಬಣ್ಣವನ್ನೇ ಅನುಸರಿಸಿದ್ದರಿಂದ ಯಾವ ಬಣ್ಣ ಯಾವುದಕ್ಕೆ ಎಂಬ ಸೂಚಿಯನ್ನು ಹುಡುಕುವ ಕೆಲಸ ತಪ್ಪಿತು.

ಕೊನೆಗೆ, ಬಳಕೆ ಎಷ್ಟು ಸುಲಭ ಎಂದು ಅಳೆಯುವ ಎಸ್‌ಯುಎಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಪ್ರಶ್ನಾವಳಿ. 1986ರಲ್ಲಿ ಜಾನ್ ಬ್ರೂಕ್ ರೂಪಿಸಿದ ಇದರಲ್ಲಿ 10 ಹೇಳಿಕೆಗಳಿವೆ, ಒಂದು ಹೊಗಳಿಕೆಯಾದರೆ ಮುಂದಿನದು ತೆಗಳಿಕೆ. ನಮ್ಮಲ್ಲಿ ಮನೆಗೆ ಬಂದವರ ಮಾತನ್ನು ತಳ್ಳಿಹಾಕುವ ರೂಢಿಯಿಲ್ಲ. ಎಲ್ಲದಕ್ಕೂ ‘ಪೂರ್ತಿ ಒಪ್ಪುತ್ತೇನೆ’ ಎಂದರೆ ಲೆಕ್ಕದಲ್ಲಿ ಬರುವುದು 100ಕ್ಕೆ ಸರಿಯಾಗಿ 50. ಅದು ಗ್ರಾಫಿನ ಗುಣವಲ್ಲ, ಮನೆಯವರ ಸೌಜನ್ಯ. ಅಂಥ ಹಾಳೆಗಳನ್ನು ಬೇರೆ ತೆಗೆದಿಟ್ಟು, ಅವರು ಗ್ರಾಫ್ ನೋಡುತ್ತಾ ಆಡಿದ ಮಾತಿನ ಧ್ವನಿಮುದ್ರಣವನ್ನೇ ವರದಿಗೆ ಆಧಾರ ಮಾಡಿಕೊಂಡೆ. ಮುಂದಿನ ಸುತ್ತಿನಲ್ಲಿ ಮಾಲು ಮಾರಿದ ಮೇಲೂ ಅದೇ ಮನೆಗಳಿಗೆ ಹೋಗಿ, ಮಾರುವ ದಿನವನ್ನು ಆರಿಸುವಾಗ ಈ ಪುಟವನ್ನು ತೆರೆದಿದ್ದರೇ ಎಂದು ಕೇಳುವವನಿದ್ದೇನೆ.